ತಳ ಕಾಣುವ ಮುಂಚೆ

ಪುಟ್ಟಿ,

ಮುಂದಿನ ತಿಂಗಳು ಚಕ್ರದ ಮೇಲಿನ ನಮ್ಮ ಮನೆ, ಅಂದರೆ ಟ್ರಕ್ಕಿಗೆ ಕಟ್ಟಿ ಎಳೆಯುವ ಆ 16 ಅಡಿಯ ಟ್ರೈಲರ್, ನಿಮ್ಮ ಮನೆ ಮುಂದೆ ಬಂದು ನಿಲ್ಲುತ್ತದೆ. "ದೊಡ್ಡಮ್ಮ, ನೀವಿಬ್ಬರೂ ಇನ್ನೂ ಗಟ್ಟಿಮುಟ್ಟಾಗಿದ್ದೀರಲ್ಲ, ಈಗಲೇ ಯಾಕೆ ಕೊಡ್ತಿದ್ದೀರಿ?" ಅಂತ ನೀನು ಫೋನಿನಲ್ಲಿ ಕೇಳಿದೆ. ಉತ್ತರ ಇದೆ. ಆದರೆ ಈಗಲೇ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀ. ಅದಕ್ಕೇ ಗಾಡಿಯ ವಿಷಯ ಒಂದೊಂದಾಗಿ ಹೇಳಿಕೊಂಡು ಬರುತ್ತೇನೆ. ಅಳಿಯಂದಿರಿಗೂ ಓದಿ ಹೇಳು. ಓದಲು ಬರದಿದ್ದರೇನು, ಕೇಳಿದರೆ ಅವರಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ.

ಮೊದಲು ಭಾರದ ಮಾತು. ನಮ್ಮಪ್ಪ ತಿಪಟೂರಿಗೆ ಹೊರಡುವ ಗಾಡಿಗೆ ಕಾಯಿ ಹೇರುವುದನ್ನು ನಾನೂ ನಿಮ್ಮಮ್ಮನೂ ಜಗಲಿಯ ಮೇಲೆ ಕೂತು ನೋಡುತ್ತಿದ್ದೆವು. ಹೇರಿದ ಮೇಲೆ ಎತ್ತು ಹೂಡುವ ಮುಂಚೆ ಅಪ್ಪ ಮೂಕಿಯನ್ನು ಒಂದು ಸಲ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲನ್ನು ಕಚ್ಚುತ್ತದೆ. ಟ್ರೈಲರಿನದೂ ಅದೇ ನ್ಯಾಯ. ಇಲ್ಲಿ ಅಮೆರಿಕದವರು ಮೂಕಿಗೆ 'ಟಂಗ್' ಅನ್ನುತ್ತಾರೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಅದರ ಮೇಲೆ ಕೂರಬೇಕು. ನಮ್ಮದು ಸಾಮಾನೆಲ್ಲ ತುಂಬಿದಾಗ 3000 ಪೌಂಡ್ ತೂಗುತ್ತದೆ, ಅಂದರೆ 300ರಿಂದ 450 ಪೌಂಡ್. ಅಕ್ಕಿ ಮೂಟೆ, ನೀರಿನ ಕ್ಯಾನು, ಕುರ್ಚಿ ಎಲ್ಲವನ್ನೂ ಹಿಂಬಾಗಿಲಿನ ಕಡೆ ತುರುಕಿದೆಯೋ, ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಬೀಸತೊಡಗುತ್ತದೆ. ಹಾಗಾದರೆ ಗಾಬರಿಯಾಗಿ ಟ್ರಕ್ಕಿನ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕಿ.

ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂತಿದ್ದರೆ ಅದು 2021ರ 23ನೇ ವಾರ ತಯಾರಾದದ್ದು ಅಂತ. ಟ್ರೈಲರ್ ಟಯರು ಓಡಿ ಸವೆಯುವುದಕ್ಕಿಂತ ನಿಂತು, ಬಿಸಿಲು ಕುಡಿದು ಹಾಳಾಗುವುದೇ ಹೆಚ್ಚು. ಗುಂಡು ಗುಂಡಾಗಿ ಚೆನ್ನಾಗಿ ಕಂಡರೂ ಐದಾರು ವರ್ಷಕ್ಕೆ ಬದಲಿಸಿಬಿಡಿ.

ಇನ್ನು ರಿವರ್ಸ್. ನಲವತ್ತು ವರ್ಷದ ಸಂಸಾರದಲ್ಲಿ ನಾನೂ ನಿನ್ನ ದೊಡ್ಡಪ್ಪನೂ ನಾಲ್ಕು ಜನರ ಎದುರು ಜಗಳ ಆಡಿದ್ದು ಒಂದೇ ವಿಷಯಕ್ಕೆ, ಟ್ರೈಲರ್ ಹಿಂದಕ್ಕೆ ಹಾಕುವಾಗ. ನಾನು "ಬಲಕ್ಕೆ" ಅಂದರೆ ಅದು ಟ್ರಕ್ಕಿನ ಬಲವೋ, ಟ್ರೈಲರಿನ ಬಲವೋ, ನನ್ನ ಬಲವೋ? ಅದಕ್ಕೊಂದು ಉಪಾಯ ಇದೆ. ಕೈಯನ್ನು ಸ್ಟಿಯರಿಂಗಿನ ಕೆಳಭಾಗದಲ್ಲಿ ಇಟ್ಟುಕೊಳ್ಳಬೇಕು. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಹೋಗಲಿ, ಅಷ್ಟೇ. ಹೊರಗೆ ನಿಂತವಳು "ನಿಲ್ಲು" ಅಂದರೆ ಒಳಗಿನವನು ಕಾರಣ ಕೇಳದೆ ನಿಲ್ಲಿಸಬೇಕು, ಕಾರಣ ಆಮೇಲೆ. ಕನ್ನಡಿಯಲ್ಲಿ ನೀನು ಕಾಣದಿದ್ದರೂ ನಿಲ್ಲಿಸಬೇಕು. ಕೊಂಡಿ ಬಿಚ್ಚುವ ಮೊದಲು ಚಕ್ರಕ್ಕೆ ಅಡ್ಡಗಟ್ಟೆ ಕೊಡುವುದನ್ನು ಮಾತ್ರ ಒಂದು ದಿನವೂ ಮರೆಯಬೇಡಿ.

ಇಷ್ಟು ರಸ್ತೆಯ ಮಾತಾಯಿತು. ನಾನು ಬರೆಯಲು ಕೂತದ್ದು ನಿಂತ ಮೇಲಿನ ಮಾತಿಗೆ.

ಕರೆಂಟು, ನಲ್ಲಿ, ಮೋರಿ ಯಾವುದೂ ಇಲ್ಲದ ಬಯಲಿನಲ್ಲಿ ತಂಗುವುದಕ್ಕೆ ಇಲ್ಲಿಯವರು ಬೂನ್‌ಡಾಕಿಂಗ್ ಅನ್ನುತ್ತಾರೆ. ಫಿಲಿಪ್ಪೀನ್ಸಿನ ಟಗಾಲೊಗ್ ಭಾಷೆಯಲ್ಲಿ 'ಬುಂದೋಕ್' ಅಂದರೆ ಬೆಟ್ಟ. ಅಲ್ಲಿಗೆ ಹೋಗಿದ್ದ ಅಮೆರಿಕದ ಸಿಪಾಯಿಗಳು ಹೊತ್ತು ತಂದ ಮಾತು ಅದು. ಮೊದಲ ವರ್ಷ ಜನವರಿಯಲ್ಲಿ ನಾವೂ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಊರಿನಾಚೆಯ ಮರುಭೂಮಿಗೆ ಹೋದೆವು. ಹಗಲು ಹಿತವಾದ ಬಿಸಿಲು. ಸಂಜೆ ಸೂರ್ಯ ಇಳಿದದ್ದೇ ತಡ, ಚಳಿ. ಹೀಟರ್ ಹಾಕಿ ಮಲಗಿದೆವು. ಗ್ಯಾಸಿನಲ್ಲಿ ಉರಿಯುವ ಹೀಟರು, ಕರೆಂಟಿನ ಚಿಂತೆ ನಮಗ್ಯಾಕೆ?

ಎರಡನೇ ರಾತ್ರಿ ಮೂರು ಗಂಟೆಗೆ ಎಲ್ಲೋ ಕೋಳಿಮರಿ ಕೂಗಿದ ಹಾಗಾಯಿತು. ಚಿಂಯ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಂಯ್. ಮರುಭೂಮಿಯಲ್ಲಿ ಕೋಳಿಮರಿ ಎಲ್ಲಿಂದ ಬಂತು ಅಂತ ನಾನು ಟಾರ್ಚ್ ಹಿಡಿದು ಮಂಚದ ಕೆಳಗೆಲ್ಲ ಹುಡುಕಿದೆ. ನೋಡಿದರೆ ಗೋಡೆಯ ಬುಡದಲ್ಲಿ ಕೂರಿಸಿರುವ, ಗ್ಯಾಸ್ ಸೋರಿದರೆ ಕೂಗುವ ಡಬ್ಬಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿಯುತ್ತದೆ. ಅದಕ್ಕೇ ಆ ಡಬ್ಬಿ ಮೊಣಕಾಲಿನ ಕೆಳಗೆ ಇರುತ್ತದೆ. ಗ್ಯಾಸೇನೂ ಸೋರಿರಲಿಲ್ಲ. ಬ್ಯಾಟರಿ ಬತ್ತಿ, ತನಗೆ ಬೇಕಾದಷ್ಟು ಕರೆಂಟೂ ಸಾಲದೆ ಅದು ಅಳುತ್ತಿತ್ತು. ಹೀಟರ್ ನಿಂತು ಎಷ್ಟು ಹೊತ್ತಾಗಿತ್ತೋ. ಹೊರಗಿಟ್ಟ ಬಕೆಟ್ಟಿನ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಕಂಬಳಿ ಸುತ್ತಿಕೊಂಡು, ಟ್ರಕ್ಕಿನ ಎಂಜಿನ್ ಓಡಿಸಿಕೊಂಡು, ಅದರೊಳಗೆ ಕೂತು ಬೆಳಗು ಮಾಡಿದೆವು.

ಬೆಳಿಗ್ಗೆ ಪಕ್ಕದ ಟ್ರೈಲರಿನ ಅಜ್ಜಿಯೊಬ್ಬಳು ಕಾಫಿ ಲೋಟ ಹಿಡಿದು ಬಂದಳು. ಜೇಬಿನಿಂದ ಸಣ್ಣ ಮೀಟರ್ ತೆಗೆದು ನಮ್ಮ ಬ್ಯಾಟರಿಗೆ ಹಿಡಿದು ನೋಡಿದಳು. ತುಂಬಿದ ಬ್ಯಾಟರಿ ತಣ್ಣಗೆ ನಿಂತಿರುವಾಗ 12.6 ವೋಲ್ಟ್‌ಗಿಂತ ಮೇಲೆ ತೋರಿಸಬೇಕಂತೆ, 12.1ರ ಹತ್ತಿರ ಬಂದರೆ ಅರ್ಧ. "ಅರ್ಧ ಅಂದರೆ ಖಾಲಿ ಅಂತಲೇ ತಿಳಿ" ಅಂದಳು. ಸೀಸದ ಬ್ಯಾಟರಿಯನ್ನು ಅರ್ಧದ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯಸ್ಸೇ ಮುಗಿಯುತ್ತದೆ. ಆಮೇಲೆ ನಾನೇ ಲೆಕ್ಕ ಹಾಕಿದೆ. ಹೀಟರಿನ ಗಾಳಿ ತಳ್ಳುವ ಫ್ಯಾನ್ 7ರಿಂದ 8 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35ರಿಂದ 40 ಆಂಪಿಯರ್-ಗಂಟೆ. ನಮ್ಮ ಬ್ಯಾಟರಿ 80ರದು, ಅಂದರೆ ನಮ್ಮ ಪಾಲಿಗೆ 40. ಒಂದೇ ರಾತ್ರಿಯ ಊಟ! ಚಳಿಗಾಲದ ಓರೆ ಬಿಸಿಲಿನಲ್ಲಿ ಮೇಲಿದ್ದ ಒಂದು ಸೋಲಾರ್ ಪ್ಯಾನೆಲ್ ಅದನ್ನು ಎಷ್ಟು ತುಂಬೀತು?

ಅಲ್ಲಿ ಕಲಿತ ಇನ್ನೊಂದು ಮಾತು. 750 ವಾಟಿನ ಮಿಕ್ಸಿಯನ್ನು ಎರಡು ನಿಮಿಷ ತಿರುಗಿಸಿದರೆ ಖರ್ಚಾಗುವುದು ಎರಡು ಚಿಲ್ಲರೆ ಆಂಪಿಯರ್-ಗಂಟೆ, ಅಷ್ಟೇ. ಅದು ಮನೆ ಹಾರಿಹೋಗುವ ಹಾಗೆ ಅರಚುತ್ತದೆ ಅಂತ ನಾನು ಚಟ್ನಿಯನ್ನೇ ಬಿಟ್ಟಿದ್ದೆ. ತಿಂದದ್ದು ರಾತ್ರಿಯಿಡೀ ಮೆಲ್ಲಗೆ ಗುಂಯ್‌ಗುಟ್ಟುತ್ತಿದ್ದ ಫ್ಯಾನು. ನಿಮ್ಮ ಮನೆಯ ಖರ್ಚಿನ ಪಟ್ಟಿಯನ್ನೂ ಒಂದು ದಿನ ಇದೇ ಕಣ್ಣಿನಿಂದ ನೋಡು.

ಈಗ ಟ್ರೈಲರಿನಲ್ಲಿ ಇರುವುದು 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಆದರೂ ನೂರಕ್ಕೆ 30ಕ್ಕೆ ಇಳಿದರೆ ನಾವು ದೀಪ ಆರಿಸಿ ಮಲಗುತ್ತೇವೆ. ನಾಳೆ ಮೋಡ ಕವಿಯುವುದಿಲ್ಲ ಅಂತ ಯಾರು ಹೇಳಿದರು? ಇನ್ನೊಂದು ಎಚ್ಚರಿಕೆ: ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಚಾರ್ಜ್ ಮಾಡಬಾರದು. ಅದಕ್ಕೇ ಅದನ್ನು ಹೊರಗಿಡದೆ ಮಂಚದ ಕೆಳಗೆ ಕೂರಿಸಿದ್ದೇವೆ. ಪ್ಯಾನೆಲ್ಲಿನ ಒಂದು ಮೂಲೆಗೆ ಮರದ ಕೊಂಬೆಯ ನೆರಳು ಬಿದ್ದರೂ ಸಾಕು, ಕರೆಂಟು ತೀರಾ ಇಳಿದುಹೋಗುತ್ತದೆ. ನೀವು ನೆರಳಿನಲ್ಲಿ ಕೂರಿ, ಟ್ರೈಲರ್ ಬಿಸಿಲಿನಲ್ಲಿರಲಿ.

ನೀರಿನ ಟ್ಯಾಂಕ್ 20 ಗ್ಯಾಲನ್, ನಮ್ಮ ಲೆಕ್ಕದಲ್ಲಿ 75 ಲೀಟರ್. ಅಷ್ಟೇ ಕಿಲೋ ಭಾರ ಕೂಡ. ಇಬ್ಬರಿಗೆ ದಿನಕ್ಕೆ 5 ಗ್ಯಾಲನ್ ಅಂದರೆ ನಾಲ್ಕು ದಿನ. ಮನೆಯಲ್ಲಿ ನೀನು ಒಂದು ಸ್ನಾನಕ್ಕೆ ಅಷ್ಟು ಸುರಿಯುತ್ತೀ. ಇಲ್ಲಿ ಮೈ ಒದ್ದೆ ಮಾಡಿಕೊಂಡು ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆದು ತೊಳೆದುಕೊಳ್ಳಬೇಕು. ಬಾವಿಯಿಂದ ಸೇದಿದ ನೀರಿನಲ್ಲಿ ಸ್ನಾನ ಮಾಡಿ ಬೆಳೆದ ನಿಮ್ಮಮ್ಮನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಹೆಚ್ಚಿನವರು ಎಡವುವುದು ಬರುವ ನೀರಿನ ಲೆಕ್ಕದಲ್ಲಲ್ಲ, ಹೋಗುವ ನೀರಿನಲ್ಲಿ. ಪಾತ್ರೆ ತೊಳೆದ ನೀರೂ ಮೈ ತೊಳೆದ ನೀರೂ ಗ್ರೇ ಟ್ಯಾಂಕಿನಲ್ಲಿ ನಿಲ್ಲುತ್ತವೆ. ಕುಡಿಯುವ ನೀರು ಇನ್ನೂ ಇರುವಾಗಲೇ ಅದು ತುಂಬಿ ಬಚ್ಚಲಿನಲ್ಲಿ ಉಕ್ಕುತ್ತದೆ. ಮರುಭೂಮಿ ತಾನೆ, ಮರಳಿಗೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಅಂತ ಬಿಡಬೇಡಿ. ಕೊಳೆನೀರು ಸುರಿಯುವ ಡಂಪ್ ಸ್ಟೇಷನ್‌ವರೆಗೆ ಹೊತ್ತುಕೊಂಡು ಹೋಗಿ. ಸಾರಿನ ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆ. ಅರ್ಧ ನೀರು ಉಳಿಯುತ್ತದೆ, ಟ್ಯಾಂಕೂ ನಾರುವುದಿಲ್ಲ.

ಅಡುಗೆ ವಿಷಯ ನಿನಗೆ ಹೇಳಿಕೊಡಬೇಕಾಗಿಲ್ಲ, ಆದರೂ ಒಂದು ಮಾತು. 16 ಅಡಿಯ ಡಬ್ಬಿಯೊಳಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಾಂ ಇಡೀ ಬಯಲನ್ನು ಎಬ್ಬಿಸುತ್ತದೆ. ಸಿಟ್ಟಿಗೆ ಅದರ ಬ್ಯಾಟರಿ ಕಿತ್ತಿಡಬೇಡ, ಒಗ್ಗರಣೆಯನ್ನು ಹೊರಗೆ ಹಾಕು. ಹುರಿದ ರವೆ, ಚಟ್ನಿಪುಡಿ, ಹುಣಸೆ ಗೊಜ್ಜು ಮನೆಯಿಂದಲೇ ಒಯ್ಯಿ. ಎಷ್ಟೇ ಚಳಿಯಾದರೂ ಗ್ಯಾಸ್ ಒಲೆ ಉರಿಸಿ ಮೈ ಕಾಯಿಸಿಕೊಳ್ಳಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಒಲೆ ಹಚ್ಚಿದಾಗ ಕಿಟಕಿ ಬೆರಳಷ್ಟಾದರೂ ತೆರೆದಿರಲಿ.

ಇನ್ನು ನೆಲ. ಅಮೆರಿಕದ ಪಶ್ಚಿಮದಲ್ಲಿ ಬಿಎಲ್‌ಎಂ ಅನ್ನುವ ಕೇಂದ್ರ ಸರ್ಕಾರದ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಅದರ ಬಹುಪಾಲು ಬಯಲಿನಲ್ಲಿ ಬಾಡಿಗೆ ಇಲ್ಲದೆ ತಂಗಬಹುದು, ಸಾಮಾನ್ಯವಾಗಿ 28 ದಿನದಲ್ಲಿ 14 ದಿನ. ಆಮೇಲೆ ಎದ್ದು ಬೇರೆ ಕಡೆ ಹೋಗಬೇಕು. ಹೊಸ ಜಾಗ ಹಸನು ಮಾಡಲು ಹೋಗಬೇಡಿ, ಹಿಂದೆ ಯಾರೋ ಒಲೆಗಲ್ಲು ಹೂಡಿದ ಜಾಗದಲ್ಲೇ ನಿಲ್ಲಿ. ಟ್ರೈಲರ್ ಒಳಗೆ ಎಳೆಯುವ ಮೊದಲು ಒಬ್ಬರು ಇಳಿದು ನಡೆದು ನೋಡಿ ಬರಬೇಕು. ದಾರಿ ಇದೆಯೇ ಅಂತಲ್ಲ, ತಿರುಗಿಸಲು ಜಾಗ ಇದೆಯೇ ಅಂತ. ಎಲ್ಲಿದ್ದೀರಿ, ಯಾವತ್ತು ಬರುತ್ತೀರಿ ಅಂತ ಫೋನಿನ ಸಿಗ್ನಲ್ ಇರುವಾಗಲೇ ನನಗೆ ತಿಳಿಸಿ.

ಒಣಗಿದ ಹಳ್ಳದಲ್ಲಿ ಮಾತ್ರ ನಿಲ್ಲಬೇಡಿ. ಸಮತಟ್ಟಾದ ಮರಳು, ಗಾಳಿಗೆ ಮರೆ, ನೋಡಲು ಹಾಸಿಗೆ ಹಾಸಿಟ್ಟ ಹಾಗಿರುತ್ತದೆ. ಅರಿಜೋನಾದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮುಂಗಾರು. ಹೌದು, ಇಲ್ಲಿಯವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. 1997ರ ಆಗಸ್ಟ್ 12ರಂದು ಆಂಟಿಲೋಪ್ ಕಣಿವೆಯಲ್ಲಿ ಹಠಾತ್ತನೆ ನುಗ್ಗಿದ ನೀರಿಗೆ 11 ಪ್ರವಾಸಿಗರು ಸತ್ತರು. ಮಳೆ ಬಿದ್ದದ್ದು ಅವರ ತಲೆಯ ಮೇಲಲ್ಲ, ಮೈಲುಗಟ್ಟಲೆ ಆಚೆ. ನೆತ್ತಿಯ ಮೇಲಿನ ಆಕಾಶ ನೋಡಿ ಧೈರ್ಯ ಮಾಡಬೇಡಿ.

ಇಷ್ಟು ಓದಿದ ಮೇಲೆ ನಿನಗೇ ಗೊತ್ತಾಗಿರಬೇಕು, ನಾನು ಹೇಳಿದ್ದೆಲ್ಲ ಒಂದೇ ಮಾತು. ಬ್ಯಾಟರಿ ಅರ್ಧ ಇರುವಾಗ ನಿಲ್ಲಿಸು. ಟಯರು ಚೆನ್ನಾಗಿ ಕಾಣುವಾಗ ಬದಲಿಸು. ಕುಡಿಯುವ ನೀರು ಇನ್ನೊಂದು ದಿನಕ್ಕೆ ಇರುವಾಗಲೇ ಹೊರಡು. ಹದಿನಾಲ್ಕನೇ ದಿನ ಅಧಿಕಾರಿ ಬಂದು ಬಾಗಿಲು ಬಡಿಯುವವರೆಗೆ ಕಾಯಬೇಡ. ನಮ್ಮಮ್ಮ ಅಕ್ಕಿ ಡಬ್ಬಿಯ ತಳ ಕಾಣಲು ಬಿಡುತ್ತಿರಲಿಲ್ಲ. ಒಂದು ಹಿಡಿ ಉಳಿದಿರುವಾಗಲೇ ಹೊಸ ಅಕ್ಕಿ ತಂದು ಅದರ ಮೇಲೆ ಸುರಿಯುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಅದನ್ನು ಬಡತನದ ಹೆದರಿಕೆ ಅಂದುಕೊಂಡಿದ್ದೆ. ಆ ಒಂದು ಹಿಡಿ ಇರುವವರೆಗೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ ಅನ್ನುವುದು ಗೊತ್ತಾದದ್ದು ಆ ರಾತ್ರಿ, ಟ್ರಕ್ಕಿನೊಳಗೆ ನಡುಗುತ್ತಾ ಕೂತಿದ್ದಾಗ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಹೊತ್ತು ಮುಳುಗುವಾಗ ಒಂದು ಜಾಗಕ್ಕೆ ಹೋದೆವು. ನಿನ್ನ ದೊಡ್ಡಪ್ಪ ಟ್ರೈಲರನ್ನು ಒಂದೇ ಏಟಿಗೆ ಹಿಂದಕ್ಕೆ ಹಾಕಿ ನಿಲ್ಲಿಸಿದರು, ಎಂದಿನ ಹಾಗೆ. ಇಳಿದು ಬಂದವರು ನನ್ನ ಪಕ್ಕದಲ್ಲಿ ನಿಂತು, "ನೀನು ಕೈ ಬೀಸಿದ್ದು ಕಾಣಿಸಲಿಲ್ಲ. ಅಂದಾಜಿನ ಮೇಲೆ ಹಾಕಿದೆ" ಅಂದರು. ಆ ರಾತ್ರಿ ನಾವು ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಇಬ್ಬರೂ ಒಟ್ಟಿಗೇ ನಿನ್ನ ಹೆಸರು ಹೇಳಿದೆವು.

ಅವರಿಗೆ ಇನ್ನೂ ಓಡಿಸಲು ಬರುತ್ತದೆ ಪುಟ್ಟಿ, ಅದಕ್ಕೇ ಈಗ ಕೊಡುತ್ತಿದ್ದೇವೆ. ಮುಂದಿನ ತಿಂಗಳು ಅಳಿಯಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ವಾರ ರಿವರ್ಸ್ ಕಲಿಸಿಕೊಡುತ್ತಾರಂತೆ. ಎರಡು ವರ್ಷ ಕಳೆದು ಕೊಟ್ಟಿದ್ದರೆ ಬರೀ ಬೀಗದಕೈ ಕೊಡಬೇಕಾಗಿತ್ತು.

ಒಲೆಯ ಮೇಲಿನ ಕಪಾಟಿನಲ್ಲಿ ಸ್ಟೀಲಿನ ಅಕ್ಕಿ ಡಬ್ಬಿ ಇದೆ. ತಳದಲ್ಲಿ ಒಂದು ಹಿಡಿ ಬಿಟ್ಟಿದ್ದೇನೆ. ಹಳೆಯದು ಅಂತ ಚೆಲ್ಲಬೇಡ, ಅದರ ಮೇಲೆಯೇ ಸುರಿ.

ನಿನ್ನ ದೊಡ್ಡಮ್ಮ