ಮೊದಲು ದಾರ, ಆಮೇಲೆ ಅರ

ತಮ್ಮಾ, ಬೇಸ್ ಗಿಟಾರಿಗೂ ಪದ್ಮಿನಿ ಕಾರಿಗೂ ಒಂದೇ ನೀಲಿ ಬಣ್ಣ ಹೊಡೆಸುತ್ತೇನೆ ಅಂದೆಯಲ್ಲ, ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ನಿನಗಿಂತ ಮೊದಲೇ ಅಮೆರಿಕದ ಫೆಂಡರ್ ಕಂಪನಿ ಆ ಕೆಲಸ ಮಾಡಿದೆ. 1960ರ ಸುಮಾರಿಗೆ ಅವರು ಗಿಟಾರಿಗೆ ಹೊಡೆದ ವಿಶೇಷ ಬಣ್ಣಗಳಲ್ಲಿ ಬಹಳಷ್ಟು ಕಾರಿನವೇ. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡಿನದು, ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕಿನದು. ಬಣ್ಣದ ಹುಚ್ಚಿಗೆ ನನ್ನ ತಕರಾರಿಲ್ಲ. ಕೊನೆಗೆ ಮಾಡಬೇಕಾದ್ದನ್ನು ನೀನು ಮೊದಲಿಗೆ ಹಿಡಿದಿದ್ದೀ, ತಕರಾರು ಅದು.

ಯಾವುದು ಮೊದಲು, ಯಾವುದು ಕೊನೆಗೆ ಎಂಬುದಕ್ಕೆ ತಂಬೂರಿಯನ್ನೇ ನೋಡು. ನಮ್ಮ ಭಾಗದ ಹಿಂದೂಸ್ತಾನಿ ಗಾಯಕರು ತಂಬೂರಿಗೆ ಮಿರಜ ಹುಡುಕಿಕೊಂಡು ಹೋಗುವುದು ಹಳೆಯ ರೂಢಿ. ಅಲ್ಲಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ದಾರ ಇಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಕೂಡಿಸುತ್ತಾರೆ. ದಾರದಿಂದ ಆಗದಿದ್ದಾಗ ಕುದುರೆಯನ್ನೇ ಅರದಿಂದ ಉಜ್ಜಬೇಕಾಗುತ್ತದೆ. ದಾರವನ್ನು ಮತ್ತೆ ಹಿಂದಕ್ಕೆ ಸರಿಸಬಹುದು. ಉಜ್ಜಿದ್ದು ಹೋದಂತೆಯೇ.

ಬೇಸ್‌ನಲ್ಲಿ ದಾರದ ಕೆಲಸ ಮಾಡುವುದು ತಂತಿ. ಇದ್ದ ರೌಂಡ್‌ವೌಂಡ್ ತೆಗೆದು ಫ್ಲಾಟ್‌ವೌಂಡ್ ಹಾಕಿ ನೋಡು, ಅದೇ ಗಿಟಾರಿನ ದನಿ ದುಂಡಗಾಗುತ್ತದೆ. ಆಮೇಲೆ ಬ್ರಿಡ್ಜಿನ ಎತ್ತರ, ಆಮೇಲೆ ನೆಕ್ಕಿನೊಳಗಿನ ಟ್ರಸ್ ರಾಡ್. ಬೆಂಗಳೂರಿನಲ್ಲಿ ನೆಟ್ಟಗಿದ್ದ ನೆಕ್ಕು ಕೆಂಭಾವಿಯ ಮೇ ತಿಂಗಳ ಬಿಸಿಲಿಗೆ, 40 ಡಿಗ್ರಿ ದಾಟಿದ ಮೇಲೆ, ಬಾಗದೆ ಇರುತ್ತದೆಂದು ನಂಬಬೇಡ. ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡ, ತಿರುಗಿಸಿ ಒಂದು ರಾತ್ರಿ ಬಿಡು. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಂತೂ ಬೇಸ್ ಇಡಲೇಬೇಡ. ಇಷ್ಟಾದ ಮೇಲೂ ಮನಸ್ಸಿಗೆ ಒಪ್ಪದಿದ್ದರೆ ಪಿಕಪ್ ಬದಲಿಸು, ಆದರೆ ಹಳೇ ಗುಂಡಿಯಲ್ಲೇ ಕೂರುವಂಥದ್ದನ್ನು ತಾ. ದೊಡ್ಡ ಪಿಕಪ್ಪಿಗಾಗಿ ಕಟ್ಟಿಗೆ ಕೊರೆಸಿದರೆ ಅರ ಹಿಡಿದಂತೆಯೇ ಲೆಕ್ಕ.

ಆ ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. 1951ರಲ್ಲಿ ಬಂದ ಅವನ ಪ್ರಿಸಿಶನ್ ಬೇಸ್‌ನ ನೆಕ್ಕು ಅಂಟಿಸಿದ್ದಲ್ಲ, ನಾಲ್ಕು ಸ್ಕ್ರೂ ಮೇಲೆ ನಿಂತದ್ದು. ಕೆಟ್ಟರೆ ಬಿಚ್ಚು, ಸರಿಮಾಡು, ಮತ್ತೆ ಕೂರಿಸು. ನುಡಿಸುವವನಿಗಿಂತ ರಿಪೇರಿಯವನ ತಲೆಗೆ ಹೊಳೆಯುವ ಮಾತು ಅದು. ನನಗೆ ಅವನ ಮೇಲೆ ಅಭಿಮಾನ ಬಂದದ್ದೂ ಅದಕ್ಕೇ.

ಇನ್ನೊಂದು ಮಾತು ನಡುವೆ ಹೇಳಿಬಿಡುತ್ತೇನೆ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಹಾಡುಗಳನ್ನು ಬೇಸ್ ಒಂದನ್ನೇ ಹಿಂಬಾಲಿಸಿ ಕೇಳು. ಇಳಯರಾಜಾ ಅದನ್ನು ಕೆಳಗೆ ಇಟ್ಟೂ ಹೇಗೆ ಓಡಾಡಿಸಿದ್ದಾರೆ ನೋಡು. ಅದು ಕೇಳಿಸಿದರೆ ಅರ್ಧ ಸಾಮಾನು ಕೊಳ್ಳುವ ಆಸೆ ತಾನೇ ಇಳಿಯುತ್ತದೆ.

ಈಗ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು. ಬ್ರೇಕು, ರೇಡಿಯೇಟರು, ವೈರಿಂಗು, ಬಾಗಿಲ ರಬ್ಬರು ಇವಕ್ಕೆ ಮೊದಲು ದುಡ್ಡು ಹಾಕು. ಯಾರ ಕಣ್ಣಿಗೂ ಕಾಣುವುದಿಲ್ಲ, ಹಾಕು. ಸ್ಪೀಕರಿಗೆಂದು ಬಾಗಿಲ ತಗಡು, ಟೇಪಿಗೆಂದು ಡ್ಯಾಶ್‌ಬೋರ್ಡು ಕೊಯ್ಯಿಸಬೇಡ. ಬೇರೆ ಗಾಡಿಯ ಎಂಜಿನ್ ಕೂರಿಸುವ ಯೋಚನೆಯನ್ನಂತೂ ಬಿಟ್ಟುಬಿಡು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ: 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ನಿನ್ನ 1982ರ ಗಾಡಿಗೆ 2032ಕ್ಕೆ ಆ ಯೋಗ ಬರುತ್ತದೆ. ಈಗ ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿತು. ವಿಂಟೇಜ್ ಆದ ಮೇಲೆ ದಿನಾ ಸಂತೆಗೆ, ಆಫೀಸಿಗೆ ಓಡಿಸುವಂತಿಲ್ಲ, ಅದನ್ನೂ ತಿಳಿದಿರು. ಓಡಿಸುವ ಆಸೆಯೇ ದೊಡ್ಡದಾದರೆ 15 ವರ್ಷದ ನಂತರದ ಮರುನೋಂದಣಿಯನ್ನು 5 ವರ್ಷಕ್ಕೊಮ್ಮೆ ಮಾಡಿಸಿಕೊಂಡು ಹೋಗು.

ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲಿ ಬರೆಸಬೇಕು. ಪೇಂಟರಿಗೆ ಹೇಳುವ ಮೊದಲು ಯಾದಗಿರಿಯ ಆರ್‌ಟಿಒ ಕಚೇರಿಗೆ ಹೋಗು. ಹಾಗೆಯೇ ಒಮ್ಮೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೂ ಹೋಗಿ ಬಾ. ಹೊಳಪನ್ನು ಎಲ್ಲರೂ ನೋಡುತ್ತಾರೆ, ನೀನು ಸೀಟಿನ ಹೊಲಿಗೆ, ಹಿಡಿಕೆ, ಬಾಗಿಲ ಸಂದಿ ನೋಡು.

ಗಿಟಾರಿನಿಂದಾಗಲಿ ಗಾಡಿಯಿಂದಾಗಲಿ ತೆಗೆದ ಯಾವುದನ್ನೂ ಗುಜರಿಗೆ ಕೊಡಬೇಡ. ಸ್ಕ್ರೂ ಸಹಿತ ಡಬ್ಬಿಗೆ ಹಾಕಿ ಮೇಲೆ ಬರೆದಿಡು, ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೋ. ದೀಪಾವಳಿಗೆ ಬರುವಾಗ ಆರ್‌ಸಿ ಮರೆಯಬೇಡ. ಎಂಜಿನ್ ನಂಬರು ಅದರೊಂದಿಗೆ ತಾಳೆ ಆಗುತ್ತದೋ ಇಲ್ಲವೋ, ಇಬ್ಬರೂ ಕೂತು ನೋಡೋಣ.