ಟಿಡ್ಲಿವಿಕಿಗೆ ಅಕ್ಷರ ತಿದ್ದುವ ಸಾಧನ: ಒಂದು ಕಚ್ಚಾ ಮಾದರಿ
(ಅಭ್ಯಾಸ ಪಾಠ)

ಮನೆಬಾಡಿಗೆಯ ಲೆಕ್ಕ, ಊರಿಗೆ ಕಳುಹಿಸಿದ ಹಣ, ಪಾಳಿಯ ವೇಳೆ, ವೈದ್ಯರು ಬರೆದುಕೊಟ್ಟ ಔಷಧಿ, ಇಲಾಖಾ ಪರೀಕ್ಷೆಯ ಟಿಪ್ಪಣಿ ಇವೆಲ್ಲವನ್ನೂ ಒಂದೇ ಕಡೆ ಬರೆದಿಡುವುದಕ್ಕೆ ಸ್ವಂತ ವಿಕಿ ಬಹು ಉಪಯುಕ್ತ. ಇಂತಹ ತಂತ್ರಾಂಶಗಳಲ್ಲಿ ಟಿಡ್ಲಿವಿಕಿ ಒಂದು. ಬ್ರಿಟನ್ನಿನ ಜೆರೆಮಿ ರಸ್ಟನ್ ಎಂಬುವರು ಇದನ್ನು 2004ರಲ್ಲಿ ಹೊರತಂದರು. ಇದಕ್ಕೆ ಬೆಲೆಯಿಲ್ಲ. ಇಡೀ ಪುಸ್ತಕವೇ ಒಂದು ಕಡತ. ಒಮ್ಮೆ ಇಳಿಸಿಕೊಂಡ ಮೇಲೆ ಅಂತರಜಾಲವಿಲ್ಲದೆಯೂ ಬ್ರೌಸರಿನಲ್ಲಿ ತೆರೆದು ಓದಬಹುದು.

ಇದರೊಳಗೆ ವಿಷಯಗಳು ಚಿಕ್ಕ ಚಿಕ್ಕ ಚೀಟಿಗಳಾಗಿರುತ್ತವೆ. ಇವಕ್ಕೆ ‘ಟಿಡ್ಲರ್’ ಎಂದು ಹೆಸರು. ನಾವು ಬರೆದ ಟಿಪ್ಪಣಿ ಮಾತ್ರವಲ್ಲ, ಪುಟದ ಬಣ್ಣ, ಅಳತೆ, ಗುಂಡಿಗಳು ಸಹ ಇಂತಹ ಚೀಟಿಗಳೇ. ಆದುದರಿಂದ ಪುಟದ ರೂಪವನ್ನು ತಿದ್ದುವ ಸಾಧನವನ್ನು ಆ ಪುಸ್ತಕದೊಳಗೇ ಕಟ್ಟಬಹುದು.

ಕನ್ನಡಕ್ಕೆ ಇರುವ ತೊಡಕು

ಮೂಲ ವಿನ್ಯಾಸದಲ್ಲಿ ಚೀಟಿಯ ಅಕ್ಷರದ ಅಳತೆ 15 ಪಿಕ್ಸೆಲ್, ಸಾಲಿನ ಎತ್ತರ 22 ಪಿಕ್ಸೆಲ್. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂಬ ಮಾತುಗಳನ್ನು ಬರೆದು ನೋಡಿ. ಕಣ್ಣಿಗೆ ಚಿಕ್ಕದಾಯಿತೆಂದು ಅಕ್ಷರವನ್ನು ಮಾತ್ರ 20ಕ್ಕೆ ಏರಿಸಿದರೆ, ಸಾಲಿನ ಎತ್ತರ 22ರಲ್ಲೇ ನಿಲ್ಲುವುದರಿಂದ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿಗೆ ತಗಲುತ್ತವೆ. ದಿನವೆಲ್ಲ ದುಡಿದು ರಾತ್ರಿ ಓದುವವನಿಗೆ ಇದು ಚಿಕ್ಕ ತೊಂದರೆಯಲ್ಲ. ಔಷಧಿಯ ಪ್ರಮಾಣವನ್ನೋ ಹಣದ ಮೊತ್ತವನ್ನೋ ತಪ್ಪಾಗಿ ಓದುವ ಸಂಭವವಿದೆ.

ಈ ಅಂಕಿಗಳನ್ನು ಬರೆದು ಬದಲಿಸುವ ಸೌಕರ್ಯ ತಂತ್ರಾಂಶದಲ್ಲಿ ಈಗಾಗಲೇ ಇದೆ. ಆದರೆ ಪಿಕ್ಸೆಲಿನ ಲೆಕ್ಕ ಎಲ್ಲರಿಗೂ ತಿಳಿಯದು. ಕಣ್ಣಿನಿಂದ ನೋಡುತ್ತಾ ಕೈಯಿಂದ ಸರಿಸುವ ಸಾಧನ ಬೇಕು.

ಕಟ್ಟುವ ಕ್ರಮ

ದರ್ಜಿಯು ಮೊದಲು ಕಚ್ಚಾ ಹೊಲಿಗೆ ಹಾಕಿ ಬಟ್ಟೆಯನ್ನು ಮೈಗೆ ಹಿಡಿದು ನೋಡುತ್ತಾನೆ. ನಾವೂ ಹಾಗೆಯೇ ಮಾಡೋಣ. ಮೊದಲು ಕಡತದ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡಿ. ಪ್ರಯೋಗವೆಲ್ಲ ಆ ಪ್ರತಿಯಲ್ಲೇ ನಡೆಯಲಿ.

1. ಎರಡು ಚೀಟಿಗಳನ್ನು ಮಾಡಿ. ‘ಅಕ್ಷರದ ಅಳತೆ’ ಎಂಬುದರಲ್ಲಿ 18 ಎಂದೂ, ‘ಸಾಲಿನ ಅಂತರ’ ಎಂಬುದರಲ್ಲಿ 1.7 ಎಂದೂ ಬರೆಯಿರಿ. ಬೇರೇನೂ ಬೇಡ.

2. ಮೂರನೆಯ ಚೀಟಿಗೆ ಸ್ಟೈಲ್‌ಶೀಟ್ ಟ್ಯಾಗನ್ನು ಹಚ್ಚಿ, ಚೀಟಿಯ ಒಡಲಿಗೆ ಅನ್ವಯಿಸುವ ನಿಯಮವನ್ನು ಬರೆಯಿರಿ. ನಿಯಮದಲ್ಲಿ ಅಂಕಿಯನ್ನು ನೇರವಾಗಿ ಬರೆಯದೆ, ಆ ಎರಡು ಚೀಟಿಗಳಿಂದ ಎತ್ತಿಕೊಳ್ಳುವಂತೆ ಮಾಡಬೇಕು. ಈ ಚೀಟಿಯ ಪ್ರಕಾರವನ್ನು ಸಿ.ಎಸ್.ಎಸ್. ಎಂದು ಇಡದೆ ವಿಕಿ ಪಠ್ಯವೆಂದೇ ಬಿಡಿ. ಇಲ್ಲವಾದರೆ ಅಂಕಿಗಳು ಬಂದು ಸೇರುವುದಿಲ್ಲ.

3. ನಾಲ್ಕನೆಯ ಚೀಟಿಯೇ ಹಲಗೆ. ಇದರಲ್ಲಿ ಎರಡು ಸರಿಸುವ ಪಟ್ಟಿಗಳು. ಟಿಡ್ಲಿವಿಕಿಯಲ್ಲಿ ಇದಕ್ಕೆ ‘ರೇಂಜ್’ ಎಂಬ ವಿಜೆಟ್ ಇದೆ. ಅಕ್ಷರಕ್ಕೆ 14ರಿಂದ 28, ಅಂತರಕ್ಕೆ 1.3ರಿಂದ 2.2 ಮಿತಿಯಿಡಿ. ಮಿತಿಯಿಲ್ಲದಿದ್ದರೆ ಅಕ್ಷರ ಸೊನ್ನೆಗಿಳಿದು ಬರಹವೇ ಕಾಣದಾದೀತು.

ಇಲ್ಲಿ ಎರಡು ಮಾತು ಗಮನಾರ್ಹ. ಪಟ್ಟಿಯು ಬರೀ ಅಂಕಿಯನ್ನು ಬರೆಯುತ್ತದೆ. ಅಕ್ಷರದ ಅಂಕಿಗೆ ‘ಪಿಕ್ಸೆಲ್’ ಅಳತೆಯನ್ನು ಜೋಡಿಸುವುದು ನಿಯಮದ ಕೆಲಸ. ಆದರೆ ಅಂತರದ ಅಂಕಿಗೆ ಅಳತೆ ಜೋಡಿಸಬಾರದು. ಆಗ ಅದು ಅಕ್ಷರದ ಇಷ್ಟು ಪಟ್ಟು ಎಂದಾಗುತ್ತದೆ. ಅಕ್ಷರ 20 ಆದರೆ ಸಾಲು 34, ಅಕ್ಷರ 24 ಆದರೆ ಸಾಲು ಸುಮಾರು 41. ಅಕ್ಷರ ಬೆಳೆದಂತೆ ಸಾಲೂ ತಾನಾಗಿ ಬೆಳೆಯುತ್ತದೆ, ಒತ್ತುಗಳಿಗೆ ಸ್ಥಳ ಸಿಗುತ್ತದೆ.

ಅಂಕಿ ಒಂದು ಕಡೆ, ನಿಯಮ ಒಂದು ಕಡೆ, ಹಲಗೆ ಮತ್ತೊಂದು ಕಡೆ ಇರುವುದೇ ಈ ಮಾದರಿಯ ಸಾರ. ಹಲಗೆ ಚೆನ್ನಾಗಿಲ್ಲವೆಂದು ತೋರಿದರೆ ಅದನ್ನು ಮಾತ್ರ ಎಸೆದು ಬೇರೆ ಮಾಡಬಹುದು. ಎಲ್ಲವೂ ಬೇಡವೆನಿಸಿದರೆ ಮೂರನೆಯ ಚೀಟಿಯ ಟ್ಯಾಗನ್ನು ತೆಗೆದರಾಯಿತು, ಪುಟವು ಮೊದಲಿನಂತಾಗುತ್ತದೆ.

ಪರೀಕ್ಷೆ

ಮಾದರಿ ಸಿದ್ಧವಾದ ಮೇಲೆ, ಕಂಪ್ಯೂಟರಿನ ಪರಿಚಯ ಕಡಿಮೆಯಿರುವ ಒಬ್ಬ ಮಿತ್ರರನ್ನು ಕೂರಿಸಿ, “ನಿಮಗೆ ಓದಲು ಹಿತವಾಗುವಂತೆ ಮಾಡಿಕೊಳ್ಳಿ” ಎಂದಷ್ಟೇ ಹೇಳಿ ಸುಮ್ಮನಿರಿ. ಅವರು ಎಲ್ಲಿ ತಡೆದರು, ಯಾವ ಪಟ್ಟಿಯನ್ನು ಮೊದಲು ಮುಟ್ಟಿದರು ಎಂಬುದನ್ನು ಬರೆದುಕೊಳ್ಳಿ. ನಮ್ಮ ವಿವರಣೆಯಿಲ್ಲದೆ ಕೆಲಸ ಸಾಗದಿದ್ದರೆ ಹಲಗೆಯನ್ನೇ ತಿದ್ದತಕ್ಕದ್ದು. ಬಣ್ಣ, ಅಂಚು ಮುಂತಾದವನ್ನು ಈ ಎರಡು ಪಟ್ಟಿಗಳು ಸರಿಹೋದ ಮೇಲೆ ಸೇರಿಸಿದರೆ ಸಾಕು. ಕೊನೆಯಲ್ಲಿ ಕಡತವನ್ನು ಉಳಿಸುವುದನ್ನು ಮರೆಯಬಾರದು. ಉಳಿಸದೆ ಬ್ರೌಸರನ್ನು ಮುಚ್ಚಿದರೆ ತಿದ್ದಿದ್ದೆಲ್ಲ ಹೋಗುತ್ತದೆ.

ಅಭ್ಯಾಸ

1. ಒತ್ತಕ್ಷರಗಳು ಹೆಚ್ಚಾಗಿರುವ ಐದು ಸಾಲುಗಳನ್ನು ಬರೆದು, ಅಂತರ 1.4 ಮತ್ತು 1.8ರಲ್ಲಿ ಓದಿ ಹೋಲಿಸಿರಿ.
2. ಅಕ್ಷರ 22, ಅಂತರ 1.5 ಆದರೆ ಸಾಲಿನ ಎತ್ತರವೆಷ್ಟು?
3. ಅಕ್ಷರದ ಬಣ್ಣಕ್ಕೆ ಒಂದು ಪಟ್ಟಿ ಬೇಕಾದರೆ ಯಾವ ಯಾವ ಚೀಟಿಗಳನ್ನು ಮುಟ್ಟಬೇಕು, ಯಾವುದನ್ನು ಹೊಸದಾಗಿ ಮಾಡಬೇಕು? ಕಾರಣಸಹಿತ ಬರೆಯಿರಿ.