ಮರದ ಸಾಕ್ಷ್ಯ

1992ರಲ್ಲಿ ಅಮೆರಿಕದ ಆರಿಜೋನದಲ್ಲಿ ಪಾಲೋ ವರ್ಡಿ ಎಂಬ ಮರದ ಬಳಿ ಹೆಂಗಸೊಬ್ಬಳ ಶವ ಸಿಕ್ಕಿತು. ಆ ಸ್ಥಳಕ್ಕೆ ತಾನು ಹೋಗಿರಲಿಲ್ಲವೆಂದು ಆಪಾದಿತನ ವಾದ. ಆದರೆ ಅವನ ಟ್ರಕ್ಕಿನಲ್ಲಿ ಅದೇ ಜಾತಿಯ ಎರಡು ಕಾಯಿಗಳಿದ್ದವು. ಅದರಿಂದೇನು? ನಮ್ಮ ಬಯಲುಸೀಮೆಯ ಜಾಲಿಯಂತೆ ಅಲ್ಲಿ ಆ ಮರ ಎಲ್ಲೆಲ್ಲೂ ಉಂಟು. ಇಂಥದೇ ಮರವೆಂದು ತೋರಿಸಬೇಕಾಗಿತ್ತು.

ತಿಮೊತಿ ಹೆಲೆಂಟ್‌ಜಾರಿಸ್ ಎಂಬ ವಿಜ್ಞಾನಿ ಕಾಯಿಗಳ ಡಿ.ಎನ್.ಎ.ಯನ್ನು ಸುತ್ತಲಿನ ಮರಗಳದರೊಡನೆ ಹೋಲಿಸಿದರು. ಅದು ಶವದ ಬಳಿಯ ಮರವೊಂದಕ್ಕೇ ಹೊಂದಿತು. ಕಾಯಿಯ ಸಿಪ್ಪೆ ತಾಯಿಮರದ ಅಂಗವೇ ಸರಿ. ಒಳಗಿನ ಬೀಜದಲ್ಲಾದರೋ ಪರಾಗವಿತ್ತ ಮರದ ಪಾಲೂ ಇರುತ್ತದೆಂಬುದನ್ನು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

ನ್ಯಾಯಾಲಯ ಹೋಲಿಕೆಯನ್ನು ಒಪ್ಪಿತು. ಅದು ಆಕಸ್ಮಿಕವಾಗಿರುವ ಸಂಭವ ಎಷ್ಟೆಂಬ ಅಂಕಿಯನ್ನು ಮಾತ್ರ ಜ್ಯೂರಿಯ ಮುಂದಿಡಗೊಡಲಿಲ್ಲ. ಈ ಎಚ್ಚರ ಉಚಿತವೆಂದೇ ನನ್ನ ಅಭಿಪ್ರಾಯ. ಟ್ರಕ್ಕು ಆ ಮರದಡಿ ಬಂದಿತ್ತೆಂದಷ್ಟೇ ಕಾಯಿ ಹೇಳಬಲ್ಲದು, ಕೊಂದವರಾರೆಂದಲ್ಲ. ಇತರ ಸಾಕ್ಷ್ಯಗಳೊಡನೆ ಅಪರಾಧ ಸಿದ್ಧವಾಯಿತು. 1995ರಲ್ಲಿ ಮೇಲಿನ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿಯಿತು.